ಇನ್ನೂ ಎರಡು ಮಳೆಗಾಲ ಬಾಳುವ ಟಯರು

ಕಾಪು

ಗಲ್ಫಿನಿಂದ ರಜೆಯಲ್ಲಿ ಬಂದವರು ಮದುವೆಯ ಊಟಕ್ಕೆ ಕೂತರೆ, ಎಲೆಗೆ ಉಪ್ಪು ಬೀಳುವ ಮೊದಲೇ ಅಲ್ಲಿಯ ರಸ್ತೆಯ ವರ್ಣನೆ ಶುರುವಾಗುತ್ತದೆ. "ಅಲ್ಲಿ ಹಾರ್ನ್ ಇಲ್ಲ, ಹೊಂಡ ಇಲ್ಲ, ಹೊಟ್ಟೆಯ ನೀರು ಅಲುಗುವುದಿಲ್ಲ" ಎಂದು ನನ್ನ ಮುಖ ನೋಡಿಯೇ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಎಷ್ಟೋ ಮಂದಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಕಲಿಸಿದವಳು ನಾನು. ಕಾಪು ಪೇಟೆಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ವಾರಿಜಕ್ಕನ ಸ್ಕೂಲ್ ಎಂದರೆ ಉಚ್ಚಿಲದಿಂದ ಕಟಪಾಡಿಯವರೆಗೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ.

ನನ್ನ ಪಾಠ ಮಳೆಗಾಲದ ಪಾಠ. ಆಟಿ ತಿಂಗಳ ಮಳೆಯಲ್ಲಿ, ಮಲ್ಪೆಯಿಂದ ಬಂದ ಮೀನಿನ ಲಾರಿಯ ಹಿಂದೆ, ಅದು ರಸ್ತೆಯುದ್ದಕ್ಕೂ ಸುರಿಸಿಕೊಂಡು ಹೋಗುವ ನೀರಿನ ಮೇಲೆ, ರಾಂಗ್ ಸೈಡಿನಲ್ಲಿ ಬರುವ ಸ್ಕೂಟರುಗಳನ್ನು ತಪ್ಪಿಸಿಕೊಂಡು ಹೋಗಿ ಬಂದವರು ಪ್ರಪಂಚದ ಯಾವ ರಸ್ತೆಯಲ್ಲಾದರೂ ಗಾಡಿ ಬಿಡಬಹುದು ಎಂದು ನಾನು ನಂಬಿದ್ದೆ. ಎಲ್ಲ ಶಿಷ್ಯರಿಗೂ ಎರಡು ಮಾತು ತಪ್ಪದೆ ಹೇಳುತ್ತೇನೆ. ತಿರುವಿನಲ್ಲಿ ಹಾರ್ನ್ ಮಾಡಬೇಕು. ಹೊರಡುವ ಮೊದಲು ಟಯರಿನ ಗೆರೆಯೊಳಗೆ ಉಗುರು ಹಾಕಿ ನೋಡಬೇಕು. ಉಗುರು ಇಳಿದರೆ ಮಳೆಯ ನೀರೂ ಅದರೊಳಗೆ ಇಳಿಯುತ್ತದೆ, ಗಾಡಿ ಜಾರುವುದಿಲ್ಲ. ಬೋಳು ಟಯರಿನ ಗಾಡಿಯಲ್ಲಿ ಬಂದವರನ್ನು ನಾನು ಮೆಟ್ಟಿಲು ಹತ್ತಿಸಿದ್ದಿಲ್ಲ.

ನನ್ನ ತಂಗಿ ಶಶಿಕಲಾ ಗಂಡ ಮತ್ತು ಮಗಳ ಜೊತೆ ಮಸ್ಕತ್ತಿನಲ್ಲಿದ್ದಾಳೆ. ಆಷಾಢದ ಒಂದು ಬೆಳಿಗ್ಗೆ ಅವಳ ಫೋನು ಬಂತು. ಊರ ಹೊರಗಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಮಗಳು ಪುಟ್ಟಿಗೂ ಅಲ್ಲಿಯೇ ಸೀಟು. ಆದರೆ ಅವಳ ಮನೆಯ ಕಡೆಗೆ ಶಾಲೆಯ ವ್ಯಾನು ಬರುವುದಿಲ್ಲ, ಗಂಡ ರಮಾನಂದನ ಕೆಲಸ ಇನ್ನೊಂದು ದಿಕ್ಕಿಗೆ. ಹೈವೇಯಲ್ಲಿ ಇವಳೇ ಪುಟ್ಟಿಯನ್ನು ಹಿಂದೆ ಕೂರಿಸಿಕೊಂಡು ದಿನಾ ಹೋಗಿ ಬರಬೇಕು. ರಜೆ ಮುಗಿದು ಶಾಲೆ ಶುರುವಾಗುವುದರೊಳಗೆ ಲೈಸೆನ್ಸೂ ಬೇಕು, ಕಾರೂ ಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಅವಳು ರೋಡ್ ಟೆಸ್ಟಿನಲ್ಲಿ ಮತ್ತೆ ಫೇಲಾಗಿದ್ದಳು.

"ಅಕ್ಕ, ನೀನು ಒಮ್ಮೆ ಬಾ. ಇಲ್ಲಿಯ ಮಾಸ್ಟರನ್ನು ಕಂಡರೆ ನನಗೆ ಗೇರೇ ಮರೆತುಹೋಗ್ತದೆ" ಎಂದಳು.

ಸ್ಕೂಲಿನ ಕೀಲಿಯನ್ನು ಸಹಾಯಕಿಗೆ ಕೊಟ್ಟು, ಸುರಿಯುವ ಮಳೆಯಲ್ಲಿ ವಿಮಾನ ಹತ್ತಿದೆ. ಜೀವಮಾನದ ಮೊದಲ ವಿದೇಶ ಪ್ರವಾಸ. ಪ್ರವಾಸದ ಕಾರಣ ಮಾತ್ರ ಕ್ಲಚ್ ಮತ್ತು ಬ್ರೇಕು.

ಮಸ್ಕತ್: ತಪ್ಪು ಬಾಗಿಲು

ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟ ಕೂಡಲೇ ಅಕ್ಕಿ ಬೇಯುವ ಪಾತ್ರೆಯ ಮುಚ್ಚಳ ತೆಗೆದ ಹಾಗಾಯಿತು. ಕನ್ನಡಕಕ್ಕೆ ಮಂಜು ಹಿಡಿದು ಏನೂ ಕಾಣದು. ಆ ಅವಸ್ಥೆಯಲ್ಲಿಯೇ ಕಾರಿನ ಮುಂದಿನ ಎಡಬಾಗಿಲು ತೆಗೆದು ಕೂರಲು ಹೋದರೆ ಮಡಿಲಿಗೆ ಸ್ಟಿಯರಿಂಗ್.

"ವಾರಿಜಕ್ಕ, ಬಂದ ಕೂಡಲೇ ಡ್ಯೂಟಿಯಾ?" ಎಂದು ನಕ್ಕವರು ಜಯಣ್ಣ.

ಉಚ್ಚಿಲದ ಜಯಣ್ಣನ ಬಗ್ಗೆ ಶಶಿ ಫೋನಿನಲ್ಲಿ ಹೇಳದ ದಿನವಿಲ್ಲ. ಅಲ್ಲಿಯ ನಮ್ಮ ಕರಾವಳಿಯವರಿಗೆಲ್ಲ ಅವರೇ ಹಿರಿಯರು. ರಮಾನಂದನಿಗೆ ಕೆಲಸ ಕೊಡಿಸಿದ್ದು ಅವರು, ಬಾಡಿಗೆ ಮನೆ ಹುಡುಕಿಕೊಟ್ಟದ್ದು ಅವರು, ಪುಟ್ಟಿ ಹುಟ್ಟುವಾಗ ಶಶಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವರೇ. ಈಗ ತಮ್ಮ ಈ ಕಾರನ್ನು ಶಶಿಗೆ ಕೊಡುವವರೂ ಅವರೇ. ಬಿಳಿಯ ಕಾರು, ಒಳಗೆ ಮಲ್ಲಿಗೆಯ ಸೆಂಟು, ಕನ್ನಡಿಗೆ ನೇತುಹಾಕಿದ ಒಂದು ಪುಟ್ಟ ಯಕ್ಷಗಾನದ ಕಿರೀಟ. ನೋಡಿದರೆ ಯಾರಿಗಾದರೂ ಮನಸ್ಸಾಗುವ ಗಾಡಿ.

ದಾರಿಯುದ್ದಕ್ಕೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಎಲ್ಲ ಗಾಡಿಗಳೂ ರಸ್ತೆಯ ಬಲಬದಿಯಲ್ಲಿ. ಪ್ರತಿ ತಿರುವಿನಲ್ಲಿಯೂ ಎದುರಿನ ಲಾರಿಗೆ ನಾವೇ ಹೋಗಿ ಮುತ್ತಿಕ್ಕುತ್ತೇವೆ ಎಂದು ಕಣ್ಣು ಮುಚ್ಚಿದೆ. ವೇಗ ಸ್ವಲ್ಪ ಹೆಚ್ಚಾದರೆ ಕಾರೇ ಟಿಂಗ್ ಟಿಂಗ್ ಎಂದು ಬೈಯುತ್ತದೆ. ನಮ್ಮ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಈ ಗಂಟೆ ಕಟ್ಟಿದರೆ ಜೋಡುರಸ್ತೆಯಿಂದ ಮಣಿಪಾಲದವರೆಗೆ ಭಜನೆಯೇ ಆದೀತು.

ವೃತ್ತಗಳ ವಿಷಯ ಕೇಳಬೇಡಿ. ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಯಾರು ಮೊದಲು ಮೂಗು ತೂರಿಸಿದರೋ ದಾರಿ ಅವರದು. ಇಲ್ಲಿ ಒಳಗೆ ಸುತ್ತುವವನಿಗೆ ದಾರಿ ಬಿಟ್ಟು ಹೊರಗಿನವನು ಕಾಯುತ್ತಾನೆ. ಕಾಯುತ್ತಾನೆ ಎಂದರೆ ನಿಜವಾಗಿಯೂ ಕಾಯುತ್ತಾನೆ. ನಮಗಾಗಿ ಅಷ್ಟು ಗಾಡಿಗಳು ನಿಂತದ್ದು ನೋಡಿ ನನಗೆ ಯಾರಾದರೂ ಮಂತ್ರಿ ಬರುತ್ತಿದ್ದಾರೋ ಎಂಬ ಅನುಮಾನ.

ಹಾರ್ನ್ ಇಲ್ಲ ಎಂಬುದು ಮಾತ್ರ ಸುಳ್ಳು. ಮನೆಯ ಹತ್ತಿರದ ಚಹಾದ ಅಂಗಡಿಯ ಎದುರು ಕಾರು ನಿಲ್ಲಿಸಿ ಜಯಣ್ಣ ಪೀಂ ಎಂದು ಒತ್ತಿದರು. ಅಂಗಡಿಯ ಮಲಯಾಳಿ ಓಡಿ ಬಂದು ಕಿಟಕಿಯಲ್ಲಿ ಚಹಾ ಕೊಟ್ಟ. ಅಕ್ಕಪಕ್ಕದ ಕಾರಿನವರೂ ಪೀಂ ಪೀಂ ಮಾಡಿ ಚಹಾ ತರಿಸಿಕೊಳ್ಳುತ್ತಿದ್ದರು. ಜೀವ ಉಳಿಸಲು ಹಾರ್ನ್ ಮಾಡಬಾರದು, ಚಹಾ ಕುಡಿಯಲು ಮಾಡಬಹುದು. ನಾನು ಚಹಾ ಕುಡಿದೆ. ಚಹಾ ಒಳ್ಳೆಯದಿತ್ತು, ಅದೂ ಒಂದು ಸಿಟ್ಟು.

ಡ್ರಮ್ಮುಗಳ ಮೈದಾನ

ಮರುದಿನವೇ ತಿಳಿಯಿತು, ನಾನು ಬಂದದ್ದು ವ್ಯರ್ಥ. ಅಲ್ಲಿ ಲೈಸೆನ್ಸಿಲ್ಲದವರಿಗೆ ಸಂಬಂಧಿಕರು ಕಲಿಸುವಂತಿಲ್ಲ. ಅದಕ್ಕೆಂದೇ ಪರವಾನಗಿ ಇರುವ ಮಾಸ್ಟರ್, ಅವರದೇ ಕಾರು. ನಾನು ಎಷ್ಟು ಸಾವಿರ ಮಂದಿಗೆ ಕಲಿಸಿದ್ದರೂ ಶಶಿಯ ಪಕ್ಕದಲ್ಲಿ ಕೂರುವ ಹಕ್ಕಿಲ್ಲ. ಮೈದಾನದ ತಗಡಿನ ಚಪ್ಪರದಡಿ ನಿಂತು ನೋಡಬಹುದು, ಅಷ್ಟೆ. ನೀರು ಬೇಕಾದರೆ ಕುಡಿಯಬಹುದು.

ಮೈದಾನದಲ್ಲಿ ಸಾಲಾಗಿ ಡ್ರಮ್ಮುಗಳು. ಅವುಗಳ ನಡುವೆ ಕಾರನ್ನು ಹಿಂದಕ್ಕೆ ಹಾಕಿ ನಿಲ್ಲಿಸಬೇಕು. ಆಮೇಲೆ ಏರಿನ ಮೇಲೆ ನಿಲ್ಲಿಸಿ ಹಿಂದೆ ಜಾರದ ಹಾಗೆ ಹೊರಡಬೇಕು. ಇವೆರಡನ್ನೂ ಶಶಿ ಯಾವತ್ತೋ ದಾಟಿದ್ದಳು. ಬಾಕಿ ಇದ್ದದ್ದು ರಸ್ತೆಯ ಪರೀಕ್ಷೆ.

"ಫೇಲ್ ಆದದ್ದು ಎಂತಕ್ಕೆ?" ಎಂದು ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

ಶಶಿ ಪುಟ್ಟಿಗೆ ಗಂಜಿ ಬಡಿಸಲು ಎದ್ದಳು. ರಮಾನಂದ ಹೇಳಿದ: "ಹಾರ್ನ್ ಮಾಡಿದ್ದಕ್ಕೆ, ಅಕ್ಕ."

"ಎಲ್ಲಿ?"

"ಎಲ್ಲ ತಿರುವಿನಲ್ಲೂ."

"ನೀನೇ ಕಲಿಸಿದ್ದಲ್ವಾ" ಎಂದಳು ಶಶಿ. "ಕೈ ತಾನಾಗಿ ಹೋಗ್ತದೆ. ಪರೀಕ್ಷೆಯ ಪೊಲೀಸಿನವರು ಮೊದಲ ಸಲ ಸುಮ್ಮನೆ ಕೂತರು. ಮೂರನೇ ತಿರುವಿಗೆ, ಯಾರನ್ನು ಕರೀತಾ ಇದ್ದಿ ಅಂತ ಕೇಳಿದರು."

ಮದುವೆಗೆ ಮೊದಲು ಕಾಪುವಿನಲ್ಲಿ ನಾನೇ ಅವಳಿಗೆ ಕಲಿಸಿದ್ದು ಹೌದು. ಚೆನ್ನಾಗಿಯೇ ಕಲಿಸಿದ್ದೇನೆ. ಆ ಪಾಠ ಈ ಊರಿನಲ್ಲಿ ತಪ್ಪಾದರೆ ಅದಕ್ಕೆ ನಾನು ಏನು ಮಾಡಲಿ? ಆದರೂ ಅವಳಿಂದ ಆ ಅಭ್ಯಾಸ ಬಿಡಿಸುವ ಕೆಲಸ ನನ್ನದೇ ಆಯಿತು. ಸೋಫಾದ ಮೇಲೆ ಕೂರಿಸಿ, ಕೈಗೆ ಊಟದ ತಟ್ಟೆ ಕೊಟ್ಟು, "ತಿರುವು ಬಂತು" ಎನ್ನುತ್ತಿದ್ದೆ. ಕೈ ತಟ್ಟೆಯ ನಡುವಿಗೆ ಹೋದರೆ ಪುಟ್ಟಿ "ಫೇಲ್" ಎಂದು ಕೂಗುತ್ತಿದ್ದಳು. ಡ್ರೈವಿಂಗ್ ಸ್ಕೂಲಿನ ಮಾಲಕಿ ವಿಮಾನದಲ್ಲಿ ಹೋಗಿ ಮಾಡಿದ ಘನಕಾರ್ಯ ಇದು.

ಜಯಣ್ಣನ ಮನೆಯ ಎದುರು

ಕಾರಿನ ಹಸ್ತಾಂತರಕ್ಕೆ ಒಳ್ಳೆಯ ದಿನ ನೋಡಿದ್ದರು. ಹಿಂದಿನ ದಿನ ನಾನು ರಮಾನಂದನಿಗೆ ಹೇಳಿದೆ, "ಯಾವುದಾದರೂ ಗ್ಯಾರೇಜಿನಲ್ಲಿ ಒಮ್ಮೆ ತೋರಿಸುವ. ಹಳೆಯ ಗಾಡಿ ತೆಗೆದುಕೊಳ್ಳುವಾಗ ಊರಿನಲ್ಲೂ ಹಾಗೆಯೇ ಅಲ್ವಾ?"

ರಮಾನಂದ ಅಜೆಕಾರಿನವ. ಸಾಧು ಮನುಷ್ಯ. ಕಾಲಿಗೆ ಮುಳ್ಳು ಚುಚ್ಚಿದರೆ ಮುಳ್ಳಿಗೆ ನೋವಾಯಿತೋ ಎಂದು ನೋಡುವ ಜಾತಿ.

"ಗ್ಯಾರೇಜಾ?" ಎಂದ. "ಜಯಣ್ಣನ ಗಾಡಿಯನ್ನಾ? ಅಕ್ಕ, ಅವರಿಗೆ ಹೇಗೆ ಹೇಳುದು? ಅವರು ನಮ್ಮವರು."

"ನಮ್ಮವರ ಗಾಡಿಗೆ ಬ್ರೇಕ್ ಬೇಡವಾ?"

"ಹಾಗಲ್ಲ. ಸಂಶಯ ಪಟ್ಟ ಹಾಗೆ ಆಗ್ತದೆ."

ದಾಕ್ಷಿಣ್ಯ ಎಂಬ ಈ ರೋಗ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬರುತ್ತದೆ. ಪರವೂರಿನವನ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ನಮ್ಮವನ ಅಂಗಡಿಯಲ್ಲಿ ಬಲಿತದ್ದನ್ನು ಕೊಟ್ಟರೂ ನಗುತ್ತಾ ತಂದು ಮನೆಯಲ್ಲಿ ಬೈಯುತ್ತೇವೆ. ಮಸ್ಕತ್ತಿಗೆ ಬಂದರೂ ಅದು ಗುಣವಾಗಿಲ್ಲ, ಹೆಚ್ಚಾಗಿದೆ. ಯಾಕೆಂದರೆ ಅಲ್ಲಿ ನಮ್ಮವರು ಕಡಿಮೆ.

ಕೊನೆಗೆ ನಾನೇ ನೋಡುವುದೆಂದಾಯಿತು. ಹೆಣ್ಣುಮಗಳು ಕುತೂಹಲಕ್ಕೆ ನೋಡಿದರೆ ಸಂಶಯ ಆಗುವುದಿಲ್ಲವಂತೆ. ಜಯಣ್ಣನ ಮನೆಯ ಎದುರು ಸೆರಗು ಸಿಕ್ಕಿಸಿಕೊಂಡು ಬಾನೆಟ್ ತೆಗೆಸಿದೆ. ಎಣ್ಣೆ ನೋಡಿದೆ, ಬೆಲ್ಟ್ ನೋಡಿದೆ. ಬ್ರೇಕ್ ತುಳಿದು ನೋಡಿದೆ. ಆಮೇಲೆ ಬಗ್ಗಿ ಟಯರಿಗೆ ಉಗುರು ಹಾಕಿದೆ. ಉಗುರು ಪೂರಾ ಒಳಗೆ ಹೋಯಿತು. ಕರಿ ಎಣ್ಣೆಯ ಹಾಗೆ ಮಿರಮಿರ ಮಿಂಚುವ ಟಯರು.

"ಅದು ಹೊಸತು" ಎಂದರು ಜಯಣ್ಣ. "ನನ್ನ ಗಾಡಿಗೂ ಮಗನ ಗಾಡಿಗೂ ಒಟ್ಟಿಗೆ ಹಾಕಿಸಿದ್ದು. ಇಲ್ಲಿ ಕಾರ್ಕಳದ ಒಬ್ಬರ ಟಯರಿನ ಅಂಗಡಿ ಇತ್ತು, ನಮ್ಮವರೇ. ಅಂಗಡಿ ಮುಚ್ಚಿ ಊರಿಗೆ ಹೋಗುವಾಗ ನಮಗೆಂತಲೇ ತೆಗೆದಿಟ್ಟು ಕೊಟ್ಟರು."

ನಾನು ಎದ್ದು ನಿಂತು, ಕೈ ಒರೆಸಿಕೊಂಡು, ಎಲ್ಲರೂ ಕೇಳುವ ಹಾಗೆ ತೀರ್ಪು ಕೊಟ್ಟೆ: "ಟಯರು ಫಸ್ಟ್ ಕ್ಲಾಸ್. ಇನ್ನೂ ಎರಡು ಮಳೆಗಾಲಕ್ಕೆ ತೊಂದರೆ ಇಲ್ಲ."

ಮಳೆಗಾಲವೇ ಇಲ್ಲದ ಊರಿನಲ್ಲಿ ನಿಂತು ಈ ಮಾತು ಹೇಳಿದ್ದೇನೆ. ಜಯಣ್ಣ, ಅವರ ಹೆಂಡತಿ, ರಮಾನಂದ ಎಲ್ಲರೂ ತಲೆಯಾಡಿಸಿದರು. ಅವರೂ ನಮ್ಮ ಕಡೆಯವರೇ, ಯಾರಿಗೂ ಏನೂ ಅನ್ನಿಸಲಿಲ್ಲ. ತೆಂಗಿನಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಾರು ತಂದೆವು.

ನಿಜ್ವಾದ ದಾರಿ

ಆ ಶುಕ್ರವಾರ ರಮಾನಂದನಿಗೆ ರಜೆ. ನಿಜ್ವಾ ಎಂಬ ಊರಿನ ಹಳೆಯ ಕೋಟೆಯನ್ನು ನನಗೆ ತೋರಿಸುವುದು, ದಾರಿಯಲ್ಲಿ ಶಶಿಯ ಶಾಲೆಯನ್ನೂ ನೋಡುವುದು ಎಂದು ಹೊರಟೆವು. ನಾನು ಹಿಂದಿನ ಸೀಟಿನಲ್ಲಿ ಪುಟ್ಟಿಯ ಪಕ್ಕ, ಸೀರೆಯ ಮೇಲೆ ಬೆಲ್ಟ್ ಬಿಗಿದುಕೊಂಡು. ಕಿಟಕಿಯ ಹೊರಗೆ ಒಂದು ಹುಲ್ಲುಕಡ್ಡಿ ಇಲ್ಲದ ಕಂದು ಗುಡ್ಡಗಳು. ರಸ್ತೆಯ ಮೇಲೆ ಬಿಸಿಲು ನೀರಿನ ಹಾಗೆ ಹೊಳೆಯುತ್ತಿತ್ತು. ನೀರು ನಿಂತಿದೆ ಎಂದು ನಾನು ಪ್ರತಿ ಸಲವೂ ಕಾಲು ಮೇಲೆತ್ತಿದೆ. ಶಾಲೆ ಬಂತು. ಗೇಟು ನೋಡಿ ಶಶಿಯ ಮುಖ ಅರಳಿತು.

ಶಾಲೆ ದಾಟಿ ಸ್ವಲ್ಪ ದೂರದಲ್ಲಿ ಒಂದು ಪೆಟ್ರೋಲ್ ಪಂಪ್. ರಮಾನಂದ ಪೀಂ ಎಂದು ಚಹಾ ತರಿಸಿದ. ನಾನು ಸುಮ್ಮನೆ ಕೂರುವವಳಲ್ಲ. ತಂಗಿಗೆ ಕಾರಿನೊಳಗೆ ಕಲಿಸಲಿಕ್ಕೆ ಬಿಡದಿದ್ದರೆ ಹೊರಗೆ ಕಲಿಸುವುದಕ್ಕೆ ಯಾರ ಅಡ್ಡಿ? ಅವಳನ್ನು ಇಳಿಸಿ, ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಿಸಿ, "ದಿನಾ ಹೊರಡುವ ಮೊದಲು ಹೀಗೆ ಉಗುರು ಹಾಕಿ ನೋಡು" ಎಂದೆ.

ಶಶಿ ಉಗುರು ಹಾಕಲಿಲ್ಲ. "ಅಕ್ಕ, ಇಲ್ಲಿಯ ಥಿಯರಿ ಕ್ಲಾಸಿನಲ್ಲಿ ಉಗುರು ಹೇಳಲಿಲ್ಲ. ತಾರೀಕು ನೋಡ್ಲಿಕ್ಕೆ ಹೇಳಿದ್ದಾರೆ."

"ಟಯರಿಗೆ ಎಂತ ತಾರೀಕು? ಅದೇನು ಬ್ರೆಡ್ಡಾ?"

"ಬಿಸಿಲಿಗೆ ರಬ್ಬರ್ ಒಣಗ್ತದಂತೆ. ಓಡದೆ ಬಿದ್ದಿದ್ದರೂ ಒಣಗ್ತದೆ. ಪರೀಕ್ಷೆಗೆ ಪ್ರಶ್ನೆ ಇತ್ತು" ಎನ್ನುತ್ತಾ ಅವಳು ಟಯರಿನ ಬದಿಯ ಧೂಳು ಒರೆಸತೊಡಗಿದಳು. ಒಂದು ಕಡೆ ಉದ್ದನೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳು. ಕೊನೆಯ ಎರಡು ಅಂಕಿ ತಯಾರಾದ ವರ್ಷ. ಶಶಿ ಅದನ್ನು ಓದಿದಳು. ಇನ್ನೊಮ್ಮೆ ಒರೆಸಿ ಓದಿದಳು.

"ಅಕ್ಕ, ಇದು ಪುಟ್ಟಿಗಿಂತ ದೊಡ್ಡದು."

"ಹಾಗಾದರೆ ಅದು ಯಾವ ಕ್ಲಾಸು?" ಎಂದು ಪುಟ್ಟಿ ಕಿಟಕಿಯಿಂದ ಕೇಳಿದಳು.

ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಮಿಂಚಲೆಂದು ಹಚ್ಚಿದ ಪಾಲಿಶ್ ಹೋದ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು, ಬೇಸಿಗೆಯ ಗದ್ದೆಯ ಹಾಗೆ. ಈ ಬಿಸಿಲಿನಲ್ಲಿ, ಈ ವೇಗದಲ್ಲಿ, ಈ ಟಯರಿನ ಮೇಲೆ ನಾವು ಪುಟ್ಟಿಯನ್ನು ಕೂರಿಸಿಕೊಂಡು ಬಂದಿದ್ದೆವು. ಅದಕ್ಕೆ ಫಸ್ಟ್ ಕ್ಲಾಸ್ ಎಂದವಳು ನಾನು.

ಪಂಪಿನ ಪಕ್ಕದಲ್ಲಿಯೇ ಟಯರಿನ ಅಂಗಡಿ ಇತ್ತು. ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ತೆರೆಯುತ್ತಾರೆ. "ಕಾಯುವ. ನಾಲ್ಕೂ ಬದಲಾಯಿಸಿಯೇ ಹೋಗುವ" ಎಂದೆ.

ರಮಾನಂದ ಚಹಾದ ಲೋಟ ಹಿಡಿದು ನಿಂತುಬಿಟ್ಟ. "ಜಯಣ್ಣನಿಗೆ ಗೊತ್ತಾಗ್ತದೆ, ಅಕ್ಕ."

"ಗೊತ್ತಾಗಲಿ."

"ಕಾರು ಕೊಟ್ಟು ವಾರ ಆಗಲಿಲ್ಲ. ಟಯರು ಬದಲಾಯಿಸಿದ್ದು ನೋಡಿದರೆ ಅವರಿಗೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ? ಮೋಸ ಮಾಡಿದ್ದಾರೆ ಅಂತ ನಾವು ಹೇಳಿದ ಹಾಗೆ ಅಲ್ವಾ?"

"ಹಾಗಾದರೆ ಎಂತ ಮಾಡುದು?"

ಅವನು ಸ್ವಲ್ಪ ಯೋಚಿಸಿ, ಬಹಳ ಗಂಭೀರವಾಗಿ ಹೇಳಿದ: "ಈಗ ಮೆಲ್ಲ ಹಿಂದೆ ಹೋಗುವ. ಆಮೇಲೆ ತಿಂಗಳಿಗೆ ಒಂದೊಂದೇ ಬದಲಾಯಿಸುವ. ಆಗ ಪಂಕ್ಚರ್ ಆಯಿತು ಅಂತ ಹೇಳಬಹುದು."

ನನ್ನ ಸ್ಕೂಲಿನಲ್ಲಿ ಬ್ರೇಕೆಂದು ಆಕ್ಸಿಲರೇಟರ್ ಒತ್ತಿ ಬಾವಿಕಟ್ಟೆಗೆ ಗುದ್ದಿದವರಿದ್ದಾರೆ. ಅವರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಶಶಿ ಹಿಂದಿನ ಬಾಗಿಲು ತೆಗೆದು, ಪುಟ್ಟಿಯ ಬೆಲ್ಟ್ ಬಿಚ್ಚಿ, ಅವಳನ್ನು ಎತ್ತಿಕೊಂಡು ಚಹಾದ ಅಂಗಡಿಯ ಒಳಗೆ ಹೋಗಿ ಕೂತಳು. ಎಂದೂ ಗಂಡನಿಗೆ ಎದುರು ಹೇಳದ ಹೆಣ್ಣು.

"ನಾನೂ ಪುಟ್ಟಿಯೂ ಇದರಲ್ಲಿ ಇನ್ನು ಕೂರುದಿಲ್ಲ" ಎಂದಳು. "ನೀವು ಜಯಣ್ಣನಿಗೆ ಎಂತ ಹೇಳ್ತೀರೋ ಹೇಳಿ. ಇವಳಿಗೆ ಏನಾದರೂ ಆದರೆ ನಾನು ಯಾರಿಗೆ ಹೇಳುದು?"

ರಮಾನಂದ ಲೋಟ ಕೆಳಗಿಟ್ಟ.

ಅಂಗಡಿ ತೆರೆಯುವವರೆಗೆ ಕಾದೆವು. ಟಯರುಗಳನ್ನು ಬಿಚ್ಚಿ ಉರುಳಿಸಿದಾಗ ಹಿಂದಿನ ಒಂದರಲ್ಲಿ, ನಿಂತು ನೋಡಿದರೆ ಕಾಣದ ಒಳಬದಿಯಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ ಎದ್ದಿತ್ತು. ಅಂಥ ಗುಳ್ಳೆ ಯಾವ ಕ್ಷಣದಲ್ಲಿ ಬೇಕಾದರೂ ಒಡೆಯಬಹುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಮಾನಂದ ಅದನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡ. ಹಳೆಯ ಟಯರುಗಳನ್ನು ಅಲ್ಲಿಯೇ ಬಿಟ್ಟು ಹೋಗುವ ಎಂದ. ಆ ಒಂದನ್ನು ಮಾತ್ರ ನಾನು ಡಿಕ್ಕಿಗೆ ಹಾಕಿಸಿದೆ.

ನಿಜ್ವಾದ ಕೋಟೆ ಹೇಗಿದೆ ಎಂದು ಕೇಳಬೇಡಿ. ನಾನು ನೋಡಿಲ್ಲ.

ಮತ್ತೆ ಜಯಣ್ಣನ ಮನೆ

ನೇರ ಜಯಣ್ಣನ ಮನೆಗೇ ನಡೆಯಿರಿ ಎಂದೆ. ಇಂಥ ಮಾತನ್ನು ಬೆಳಗಾಗುವವರೆಗೆ ಇಟ್ಟರೆ ರಮಾನಂದ ಅದಕ್ಕೆ ಸಕ್ಕರೆ ಹಚ್ಚಿಬಿಡುತ್ತಾನೆ. ಸಂಜೆಯಾಗಿತ್ತು. ಅವನು ಕಾರಿನಿಂದ ಇಳಿಯಲೇ ಇಲ್ಲ. ನಾನೂ ಶಶಿಯೂ ಟಯರನ್ನು ಉರುಳಿಸಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿದೆವು. ಜಯಣ್ಣನ ಹೆಂಡತಿ ಗೋಳಿಬಜೆಯ ತಟ್ಟೆ ಹಿಡಿದು ಬಂದವರು ಹಾಗೆಯೇ ನಿಂತರು.

ಜಯಣ್ಣನ ಮುಖ ಬಿಗಿಯಿತು. "ಎಂತ ವಾರಿಜಕ್ಕ, ನೀವೇ ನೋಡಿ ಒಳ್ಳೆದುಂಟು ಅಂದದ್ದಲ್ವಾ? ಈಗ ನನ್ನ ಮೇಲೆ ಸಂಶಯವಾ?"

"ಸಂಶಯ ನನ್ನ ಕಣ್ಣಿನ ಮೇಲೆ" ಎಂದೆ. "ನಿಮ್ಮ ಮೇಲಲ್ಲ. ಇಲ್ಲಿ ಕೈ ಹಾಕಿ ನೋಡಿ."

ಅವರು ಒಲ್ಲದ ಮನಸ್ಸಿನಿಂದ ಬಗ್ಗಿ ಒಳಬದಿಗೆ ಕೈ ಹಾಕಿದರು. ಗುಳ್ಳೆ ಸಿಕ್ಕಿತು. ಶಶಿ ಇಸವಿಯನ್ನು ತೋರಿಸಿದಳು. ಅವರು ಹಾಗೆಯೇ ನೆಲದ ಮೇಲೆ ಕೂತರು. ನನಗೆ ಅವರು ಬೈಯುತ್ತಾರೆ ಎಂದು ಅನ್ನಿಸಿತ್ತು. ಅವರು ತಿರುಗಿ ಹೆಂಡತಿಯನ್ನು ಕೇಳಿದರು, "ಪ್ರೀತಮ್ ಎಲ್ಲಿಗೆ ಮುಟ್ಟಿರಬಹುದು?"

ಪ್ರೀತಮ್ ಅವರ ಮಗ. ಅದೇ ದಿನ ಬೆಳಿಗ್ಗೆ ಹೆಂಡತಿಯನ್ನೂ ಹಸುಗೂಸನ್ನೂ ಕರೆದುಕೊಂಡು ಸಲಾಲಕ್ಕೆ ಹೊರಟಿದ್ದ. ಆ ದೇಶದಲ್ಲಿ ಮಳೆಗಾಲ ಎಂಬುದು ಇರುವುದು ದಕ್ಷಿಣದ ಆ ಒಂದು ಮೂಲೆಯಲ್ಲಿ. ತುಂತುರು ನೋಡಲು ಜನ ಇಡೀ ಮರುಭೂಮಿಯನ್ನು ದಾಟಿ ಹೋಗುತ್ತಾರೆ. ಅವನ ಕಾರಿಗೂ ಅದೇ ಅಂಗಡಿಯ, ಅದೇ ದಿನ ಹಾಕಿಸಿದ ಟಯರು.

ಜಯಣ್ಣ ಫೋನು ಮಾಡಿದರು. ಹೋಗಲಿಲ್ಲ. ಮರುಭೂಮಿಯ ನಡುವೆ ಸಿಗ್ನಲ್ ಸಿಗುವುದಿಲ್ಲವಂತೆ. ಮತ್ತೆ ಮಾಡಿದರು. ಸೊಸೆಯ ನಂಬರಿಗೆ ಮಾಡಿದರು. ಅವರ ಹೆಂಡತಿ ಗೋಡೆಗೆ ಒರಗಿ ಕೂತು, ಮಹಾಲಕ್ಷ್ಮಿಯ ಹೆಸರು ಹೇಳಿಕೊಂಡು ಕಣ್ಣು ಮುಚ್ಚಿದರು. ಯಾವಾಗ ಬಂದನೋ, ರಮಾನಂದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಪುಟ್ಟಿಯ ಜೊತೆ ಒಳಗೆ ಬಂದು ಜಯಣ್ಣನ ಪಕ್ಕದಲ್ಲಿ ನಿಂತಿದ್ದ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನೋಡಿಯೇ ಇರದ ಆ ಹುಡುಗನಿಗಾಗಿ, ಆ ಮಗುವಿಗಾಗಿ ಹೆದರಿ ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. ಗೋಳಿಬಜೆ ತಣ್ಣಗಾಯಿತು.

ಕತ್ತಲಾಗುವ ಹೊತ್ತಿಗೆ ಫೋನು ಬಂತು. ಜಯಣ್ಣ ಅದನ್ನು ಸ್ಪೀಕರಿಗೆ ಹಾಕಿದರು.

"ಅಪ್ಪ, ಎಂತ, ಇಷ್ಟು ಮಿಸ್ ಕಾಲ್? ನಾವು ಈಗ ಊಟಕ್ಕೆ ನಿಲ್ಲಿಸಿದ್ದಷ್ಟೆ."

"ಗಾಡಿ ಮುಂದೆ ಬಿಡಬೇಡ, ಮಗ. ಅಲ್ಲಿಯೇ ಇರು. ಆ ಕಾರ್ಕಳದವರ ಟಯರು ಹಳತು. ಒಡೀತದೆ."

ಆ ಕಡೆ ಪ್ರೀತಮ್ ಧ್ವನಿ ತಗ್ಗಿಸಿದ.

"ಅದು ಈಗ ನನ್ನ ಗಾಡಿಯಲ್ಲಿ ಇಲ್ಲ, ಅಪ್ಪ. ಒಂದಕ್ಕೆ ಬಿರುಕು ಬಂದಿತ್ತು. ನಾನು ಆಗಲೇ ನಾಲ್ಕೂ ಬದಲಾಯಿಸಿದ್ದೇನೆ."

ಜಯಣ್ಣ ಉಸಿರು ಬಿಟ್ಟರು. ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಜಯಣ್ಣ ನಿಧಾನವಾಗಿ ಕೇಳಿದರು, "ಆಗಲೇ ಅಂದರೆ?"

"ರಂಜಾನ್ ರಜೆಯಲ್ಲಿ."

"ನನಗೆ ಯಾಕೆ ಹೇಳಲಿಲ್ಲ?"

"ನೀವೇ ಪ್ರೀತಿಯಲ್ಲಿ ಹಾಕಿಸಿಕೊಟ್ಟದ್ದಲ್ವಾ. ಬೇಜಾರು ಮಾಡ್ತೀರಿ ಅಂತ... ನಿಮ್ಮ ಗಾಡಿ ಕೊಡುವ ಮೊದಲು ಹೇಳುವ ಅಂತಲೇ ಇದ್ದೆ. ಕೊಟ್ಟಾಯಿತಾ?"

ಶಶಿ ಪುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪನಿಗೆ ಬೇಜಾರಾಗುತ್ತದೆ ಎಂದು ಮಗ ಹೇಳಲಿಲ್ಲ. ಜಯಣ್ಣನಿಗೆ ಬೇಜಾರಾಗುತ್ತದೆ ಎಂದು ರಮಾನಂದ ಕೇಳಲಿಲ್ಲ. ಅಂಗಡಿಯವರಿಗೆ ಬೇಜಾರಾಗುತ್ತದೆ ಎಂದು ಜಯಣ್ಣ ನೋಡಲಿಲ್ಲ. ಇಷ್ಟು ಒಳ್ಳೆಯ ಜನರೆಲ್ಲ ಸೇರಿ ಒಂದು ಮಗುವನ್ನು ಆ ಟಯರಿನ ಮೇಲೆ ಕೂರಿಸಿದ್ದರು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೋಗಿದ್ದ ಸಿಟ್ಟು ಪೂರ್ತಿ ವಾಪಸು ಬಂತು, ಆದರೆ ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ.

ಜಯಣ್ಣ ಎದ್ದರು. ಮಾತಾಡದೆ ಹೊರಗೆ ಹೋಗಿ, ಮೊಬೈಲಿನ ಬೆಳಕು ಹಾಕಿ, ಆ ವಯಸ್ಸಿನಲ್ಲಿ ಮೊಣಕಾಲೂರಿ ಕಾರಿನ ಹೊಸ ಟಯರುಗಳನ್ನು ಒಂದೊಂದಾಗಿ ನೋಡಿದರು. "ಇದು ಈ ವರ್ಷದ್ದು, ಶಶಿ" ಎನ್ನುವರು, ಮುಂದಿನದಕ್ಕೆ ಹೋಗುವರು. ನಾಲ್ಕನೆಯದನ್ನು ಎರಡು ಸಲ ಒರೆಸಿ ನೋಡಿದರು. ರಮಾನಂದ ಕೈ ಕೊಟ್ಟು ಎಬ್ಬಿಸಿದ.

ಊರು

ಹೊರಡುವ ಹಿಂದಿನ ದಿನ ಶಶಿ ಪಾಸಾದಳು. ಒಂದು ತಿರುವಿನಲ್ಲಿಯೂ ಹಾರ್ನ್ ಮಾಡಲಿಲ್ಲವಂತೆ. ಅಲ್ಲಿಂದ ಬಂದವಳೇ ಚಹಾದ ಅಂಗಡಿಯ ಎದುರು ರಮಾನಂದನ ಕೈ ಸರಿಸಿ, ತಾನೇ ಉದ್ದಕ್ಕೆ ಒತ್ತಿದಳು.

ಮಂಗಳೂರಿನಲ್ಲಿ ಇಳಿದಾಗ ರಾತ್ರಿ, ಧೋ ಎಂದು ಮಳೆ. ಕರೆದುಕೊಂಡು ಹೋಗಲು ಬಂದವನು ಕಾಪುವಿನ ಹರೀಶ. ನನ್ನ ಸ್ಕೂಲಿನಲ್ಲೇ ಕಲಿತು ಟ್ಯಾಕ್ಸಿ ಇಟ್ಟವನು. ಪೆಟ್ಟಿಗೆಗಳನ್ನು ಡಿಕ್ಕಿಗೆ ಹಾಕಿ, ಕೊಡೆ ಹಿಡಿದು, ಬಾಗಿಲು ತೆಗೆದು ನಿಂತ. ಅಭ್ಯಾಸ ಬಲದಿಂದ ನಾನು ಬಲಬಾಗಿಲಿಗೆ ಹೋದೆ. ಅಲ್ಲಿ ಸ್ಟಿಯರಿಂಗ್. ಹಾಗೆಯೇ ಬಗ್ಗಿ, ಸೀರೆಯ ತುದಿಯಿಂದ ಮುಂದಿನ ಟಯರಿನ ಕೆಸರು ಒರೆಸಲು ಶುರುಮಾಡಿದೆ.

"ಎಂತ ಅಕ್ಕ? ಗ್ರಿಪ್ ಉಂಟು. ನಾನು ಉಗುರು ಹಾಕಿಯೇ ಬಂದದ್ದು" ಎಂದ. ನಾನು ಒರೆಸುವುದನ್ನು ನಿಲ್ಲಿಸದಿರುವುದನ್ನು ನೋಡಿ ಅವನ ಮುಖ ಸಣ್ಣದಾಯಿತು. "ನಿಮ್ಮ ಶಿಷ್ಯ ನಾನು. ನನ್ನ ಮೇಲೆ ನಂಬಿಕೆ ಇಲ್ಲವಾ?"

ಪಾಪ, ಒಳ್ಳೆಯ ಹುಡುಗ. ಎದ್ದು ಕಾರಿನಲ್ಲಿ ಕೂತುಬಿಡೋಣ ಎಂದು ಒಂದು ಕ್ಷಣ ನನಗೂ ಅನ್ನಿಸಿತು.

"ನಂಬಿಕೆ ಉಂಟು, ಹರೀಶ" ಎಂದೆ. "ಮೊಬೈಲಿನ ಬೆಳಕು ಸ್ವಲ್ಪ ಈಚೆ ಹಿಡಿ."